ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಬ್ಯಾಂಕ್ ಸೈಟ್ ಬರುತ್ತಿಲ್ಲ

ವಿಜಯನಗರ ಹುಡುಗಿ:
ಮನೆಯಲ್ಲಿ ಒಂದೇ ವೈಫೈ. ತಮ್ಮನ ಲ್ಯಾಪ್‌ಟಾಪಿನಲ್ಲಿ, ಮೊಬೈಲಿನಲ್ಲಿ ಸೈಟ್ ಚೆನ್ನಾಗಿ ಬರುತ್ತದೆ, ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮಾತ್ರ ಸುಮ್ನೆ ಸುತ್ತಿ ಸುತ್ತಿ ಕೊನೆಗೆ ಎರರ್ ಕೊಡುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅದೇ ಕಥೆ. ಬೇರೆ ಸೈಟ್‌ಗಳಿಗೆ ತೊಂದರೆ ಇಲ್ಲ. ರಿಪೇರಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೊತ್ತುಕೊಂಡು ಹೋಗಬೇಕಾ?

ಫಿಲ್ಟರ್ ಕಾಫಿ:
ಈ ಟ್ರಾಫಿಕ್ಕಿನಲ್ಲಾ? ಬೇಡ ಬಿಡಿ. ಎರಡು ಬ್ರೌಸರಿನಲ್ಲೂ ಹೀಗೇ ಅಂದರೆ ಬ್ರೌಸರ್ ಮೇಲೆ ಅನುಮಾನ ಕಡಿಮೆ. ಕಮಾಂಡ್ ಪ್ರಾಂಪ್ಟ್ ತೆರೆದು ಡಿಎನ್‌ಎಸ್ ಕ್ಯಾಶ್ ಖಾಲಿ ಮಾಡಿ. ಡಿಎನ್‌ಎಸ್ ಅಂದರೆ ಸೈಟಿನ ಹೆಸರಿಗೆ ಅದರ ಐಪಿ ವಿಳಾಸ (ನಂಬರಿನ ವಿಳಾಸ) ಹುಡುಕಿ ಕೊಡುವ ವ್ಯವಸ್ಥೆ, ಸಿಕ್ಕಿದ್ದನ್ನು ಲ್ಯಾಪ್‌ಟಾಪ್ ನೆನಪಿಟ್ಟುಕೊಳ್ಳುವ ಜಾಗ ಈ ಕ್ಯಾಶ್. ಸೈಟಿನ ಹಳೆಯ ಐಪಿ ವಿಳಾಸ ಅಲ್ಲೇ ಉಳಿದುಕೊಂಡಿರಬಹುದು. ಗಡಿಯಾರ, ತಾರೀಕು ಸರಿ ಇದೆಯಾ ನೋಡಿ.

ವಿಜಯನಗರ ಹುಡುಗಿ:
ಎರಡೂ ಆಯಿತು, ಏನೂ ಬದಲಾಗಲಿಲ್ಲ.

ರಾತ್ರಿ ಪಾಳಿ:
ಹಾಗಾದರೆ ಹೋಸ್ಟ್ಸ್ ಫೈಲ್ ನೋಡಿ, ಸೈಟಿನ ಹೆಸರು ಮತ್ತು ಅದರ ಐಪಿ ಬರೆದಿಡುವ ಫೈಲ್ ಅದು. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರಲ್ಲಿ ಡ್ರೈವರ್ಸ್, ಅದರಲ್ಲಿ ಇಟಿಸಿ. ಡಿಎನ್‌ಎಸ್ ಕೇಳುವ ಮೊದಲೇ ವಿಂಡೋಸ್ ಇದನ್ನು ನೋಡುತ್ತದೆ. ಬ್ಯಾಂಕಿನ ಹೆಸರು ಅಲ್ಲಿ ಇರಲೇಬಾರದು.

ವಿಜಯನಗರ ಹುಡುಗಿ:
ಅಯ್ಯೋ, ಇದೆ! ಪಕ್ಕದಲ್ಲಿ ಯಾವುದೋ ಐಪಿ.

ರಾತ್ರಿ ಪಾಳಿ:
ಯಾವುದೋ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಕೆಲಸ ಇರಬೇಕು. ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು ಆ ಸಾಲು ಅಳಿಸಿ, ಫುಲ್ ಸ್ಕ್ಯಾನ್ ಮಾಡಿ. ಸೈಟ್ ಬಂತು ಅಂತ ಅಲ್ಲೇ ಲಾಗಿನ್ ಆಗಬೇಡಿ, ತಮ್ಮನ ಲ್ಯಾಪ್‌ಟಾಪಿನಿಂದ ಮೊದಲು ಪಾಸ್‌ವರ್ಡ್ ಬದಲಾಯಿಸಿ.