ಕ್ಲಚ್ ಹತ್ತಿರ ಟಕ್ ಟಕ್ ಸದ್ದು: ಗೇರ್‌ಬಾಕ್ಸ್ ಇಳಿಸುವ ಮೊದಲು ಏನು ನೋಡಬೇಕು?

ಪೆರ್ಲದಿಂದ ಪ್ರಶ್ನೆ:
ಮ್ಯಾನುವಲ್ ಗೇರಿನ ಡೀಸೆಲ್ ಕಾರು, ಲಕ್ಷ ಕಿಲೋಮೀಟರ್ ದಾಟಿದೆ. ಐಡ್ಲಿಂಗ್‌ನಲ್ಲಿ ಇಂಜಿನ್, ಗೇರ್‌ಬಾಕ್ಸ್ ಸೇರುವ ಕಡೆಯಿಂದ ಟಕ್ ಟಕ್ ಅಂತ ಬಡಿಯುತ್ತದೆ. ಕ್ಲಚ್ ಒತ್ತಿದರೆ ಕಡಿಮೆ. ಆಫ್ ಮಾಡುವಾಗ ಗಡಗಡ ಅಲುಗಿ ನಿಲ್ಲುತ್ತದೆ. ಒಬ್ಬ ಮೆಕ್ಯಾನಿಕ್ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಅಂದರು, ಇನ್ನೊಬ್ಬರು ಕ್ಲಚ್ ಸೆಟ್ ಹಾಕಿ ಅಂದರು. ಅನುಭವ ಇದ್ದವರು ಹೇಳಿ ಮಾರಾಯ್ರೆ.

ಬದಿಯಡ್ಕದಿಂದ:
ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಉಂಟು. ಇಂಜೆಕ್ಟರ್ ಸದ್ದಾದರೆ ಕ್ಲಚ್ ಪೆಡಲಿಗೆ ಕ್ಯಾರೇ ಅನ್ನುವುದಿಲ್ಲ, ಆಕ್ಸಿಲರೇಟರ್ ಒತ್ತಿದಂತೆ ಬದಲಾಗುತ್ತದೆ ಅಷ್ಟೆ. ಹಾಗಾಗಿ ಆ ಮೊದಲಿನ ಮಾತನ್ನು ಸದ್ಯಕ್ಕೆ ಬದಿಗಿಡಿ.

ಈಗ ಇಂಜಿನ್ ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು ಪೆಡಲನ್ನು ನಿಧಾನಕ್ಕೆ ಒತ್ತಿ. ಕಾಲಿಟ್ಟ ಕೂಡಲೇ ಕಿರ್ರ್ ಅಂತ ಸದ್ದು ಶುರುವಾದರೆ ರಿಲೀಸ್ ಬೇರಿಂಗ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ಪೆಡಲ್ ಬಿಟ್ಟಾಗ ಗುಂಯ್ ಅನ್ನುತ್ತಿದ್ದು, ಪೂರ್ತಿ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರಿಗೆ ತಿರುಗು ತರುವ ದಂಡ) ಬೇರಿಂಗ್ ಮೇಲೆ ಸಂಶಯ. ಆದರೆ ನಿಮ್ಮದು ಗುಂಯ್ ಅಲ್ಲ, ಬಡಿತ. ಜೊತೆಗೆ ಆಫ್ ಮಾಡುವಾಗ ಅಲುಗಾಟ. ನನ್ನ ಪ್ರಕಾರ ಡ್ಯುಯಲ್ ಮಾಸ್ ಫ್ಲೈವೀಲ್. ಫ್ಲೈವೀಲ್ ಅಂದರೆ ಇಂಜಿನ್, ಕ್ಲಚ್ ನಡುವಿನ ಭಾರದ ಚಕ್ರ.

ಡೀಸೆಲ್ ಇಂಜಿನ್ ಎಳೆಯುವುದು ಏಕಸಮ ಅಲ್ಲ, ಒಂದೊಂದು ಸಿಲಿಂಡರ್ ಉರಿದಾಗಲೂ ಒಂದು ತಳ್ಳು. ಆ ತಳ್ಳು ನೇರವಾಗಿ ಗೇರಿಗೆ ಹೋಗದಿರಲಿ ಅಂತ ಫ್ಲೈವೀಲನ್ನು ಎರಡು ಭಾಗ ಮಾಡಿ ನಡುವೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಸ್ಪ್ರಿಂಗ್ ಸೋತರೆ ಎರಡೂ ಒಂದಕ್ಕೊಂದು ಬಡಿಯುತ್ತವೆ. ಸ್ಟಾರ್ಟ್ ಮತ್ತು ಆಫ್ ಹೊತ್ತಿನಲ್ಲಿ ಜಾಸ್ತಿ. ನಮ್ಮ ಏರು ರಸ್ತೆಗಳಲ್ಲಿ ಗೇರ್ ಇಳಿಸದೆ, ನಾಲ್ಕನೇ ಗೇರಿನಲ್ಲೇ ಇಂಜಿನ್ ಗುದ್ದಾಡುತ್ತಾ ಹತ್ತಿಸುವವರ ಕಾರಿನಲ್ಲಿ ಇದು ಬೇಗ ಹೋಗುತ್ತದೆ. ಡೀಸೆಲ್ ಉಳಿಸುತ್ತೇವೆ ಅಂತ ಅವರ ಲೆಕ್ಕ!

ಆದರೆ ಎಲ್ಲ ಡೀಸೆಲ್ ಕಾರಲ್ಲೂ ಈ ಫ್ಲೈವೀಲ್ ಇರುವುದಿಲ್ಲ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ಸ್ ಕೌಂಟರಿನಲ್ಲಿ ಮೊದಲು ಕೇಳಿ.

ಉಪ್ಪಳದಿಂದ:
ಸ್ವಲ್ಪ ತಾಳಿ. ಆಫ್ ಮಾಡುವಾಗ ಅಲುಗಾಟ ಅಂದರೆ ಫ್ಲೈವೀಲೇ ಅಂತ ಹೇಳಲಾಗದು. ನನ್ನ ಕಾರಿನಲ್ಲೂ ಹೀಗೇ ಇತ್ತು, ನೋಡಿದರೆ ಗೇರ್‌ಬಾಕ್ಸ್ ಕಡೆಯ ಮೌಂಟಿನ (ಇಂಜಿನ್, ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ಆಧಾರದ) ರಬ್ಬರ್ ಹರಿದಿತ್ತು. ಬಾನೆಟ್ ತೆರೆದು, ಬದಿಯಲ್ಲಿ ನಿಂತು, ಬೇರೆಯವರಿಂದ ಸ್ಟಾರ್ಟ್, ಆಫ್ ಮಾಡಿಸಿ. ಇಂಜಿನ್ ಒಂದು ಬದಿಗೆ ಎಗರಿದರೆ ಮೌಂಟ್ ನೋಡಿ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿ ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಕವಚ) ಬೋಲ್ಟ್ ಸಡಿಲ ಇದ್ದರೂ ಟಕ್ ಟಕ್ ಬರುತ್ತದೆ. ಎರಡನ್ನೂ ಗೇರ್‌ಬಾಕ್ಸ್ ಇಳಿಸದೆ ನೋಡಬಹುದು ಅಲ್ವಾ?

ಮುಳ್ಳೇರಿಯಾದಿಂದ:
ಇಂಜೆಕ್ಟರ್ ಸಂಶಯಕ್ಕೆ ಹಳೆಯ ಮೆಕ್ಯಾನಿಕ್‌ಗಳು ಪೈಪಿನ ನಟ್ ಒಂದೊಂದೇ ಸಡಿಲಿಸಿ ಸದ್ದು ಕೇಳುತ್ತಿದ್ದರು. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ) ಇಂಜಿನ್ನಿನಲ್ಲಿ ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮದೊಳಗೆ ಹೋಗುತ್ತದೆ. ಇಂಜಿನ್ನಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ.

ಪೆರ್ಲದಿಂದ:
ಮೌಂಟ್ ನೋಡಿಸಿದೆ, ಸರಿ ಉಂಟು. ಚಾಸಿಸ್ ನಂಬರ್ ಪ್ರಕಾರ ಡ್ಯುಯಲ್ ಮಾಸ್ ಹೌದು. ರೇಟ್ ಕೇಳಿ ತಲೆ ತಿರುಗಿತು. ಸಾದಾ ಫ್ಲೈವೀಲ್ ಹಾಕಿದರೆ ಆಗದಾ?

ಬದಿಯಡ್ಕದಿಂದ:
ಕಿಟ್ ಸಿಗುತ್ತದೆ, ಹಾಕಿಸಿಕೊಂಡವರೂ ಇದ್ದಾರೆ. ಆದರೆ ಆ ತಳ್ಳೆಲ್ಲ ಗೇರ್‌ಬಾಕ್ಸಿಗೆ ಹೋಗುತ್ತದೆ. ಐಡ್ಲಿಂಗ್‌ನಲ್ಲಿ ಗೇರ್ ಕಟಕಟ, ಸ್ಟೀರಿಂಗಿಗೆ ನಡುಕ. ಎರಡು ವರ್ಷದಲ್ಲಿ ಮಾರುವ ಕಾರಾದರೆ ಯೋಚಿಸಿ, ಇಟ್ಟುಕೊಳ್ಳುವುದಾದರೆ ಬೇಡ.

ಗೇರ್‌ಬಾಕ್ಸ್ ಇಳಿದ ದಿನ ನೀವೇ ಹೋಗಿ ನಿಲ್ಲಿ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ, ಅಲುಗಿಸಿ ಎಷ್ಟು ಆಟ ಇದೆ ಅಂತ ಕಂಪೆನಿಯ ಅಳತೆಗೆ ಹೋಲಿಸಲು ಹೇಳಿ. ಸ್ವಲ್ಪ ಆಟ ಹೊಸದರಲ್ಲೂ ಇರುತ್ತದೆ, ಅದನ್ನೇ ತೋರಿಸಿ ಹೆದರಿಸುವವರಿದ್ದಾರೆ. ಫ್ಲೈವೀಲ್ ಬದಲಿಸುವುದೇ ಆದರೆ ಬೋಲ್ಟ್ ಹೊಸದು ಹಾಕಿಸಿ. ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ತಿರುಗುವ ದಂಡದ) ಹಿಂದಿನ ಆಯಿಲ್ ಸೀಲ್ ಕೂಡ ಆಗಲೇ ಆಗಲಿ. ಲೇಬರ್ ಎರಡು ಸಲ ಯಾಕೆ ಕೊಡುವುದು?