ಬೈಬಲ್ ಒಂದೇ ಸಾಕು ಅನ್ನುವುದಕ್ಕೆ ಪ್ರಕಟನೆ 22:18 ಆಧಾರ ಆಗುತ್ತದೆಯೇ?

ಹುಬ್ಬಳ್ಳಿ ಓದುಗ:
ನಾವು ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಸಭೆಯವರು. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಮಾರ್ಮನ್ ಸಭೆ ಸೇರಿದ್ದಾನೆ. ಅವರಿಗೆ ಬೈಬಲ್ ಜೊತೆಗೆ ಮಾರ್ಮನ್ ಗ್ರಂಥವೂ ದೇವರ ವಾಕ್ಯ. ಬೈಬಲ್‌ಗೆ ಏನನ್ನೂ ಸೇರಿಸಬಾರದು ಅಂತ ನಾನು ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆಯ 22:18 ತೋರಿಸಿದೆ. ಅವನು ತಕ್ಷಣ ಮೋಶೆಯ ಪುಸ್ತಕಗಳಲ್ಲಿ ಒಂದಾದ ಧರ್ಮೋಪದೇಶಕಾಂಡ 4:2 ತೆಗೆದ. ಅಲ್ಲೂ ಅದೇ ಎಚ್ಚರಿಕೆ ಇದೆ, ಹಾಗಾದರೆ ಮೋಶೆ ಆದಮೇಲೆ ಬಂದ ಯೆಶಾಯ, ಯೆರೆಮೀಯ, ನಾಲ್ಕು ಸುವಾರ್ತೆ ಎಲ್ಲಾ ಬಿಟ್ಟುಬಿಡುತ್ತೀರಾ ಅಂದ. ಇದಕ್ಕೆ ಏನು ಹೇಳಬೇಕು? ಜಗಳಕ್ಕಲ್ಲ, ನಿಜವಾಗಿ ತಿಳಿಯಬೇಕು.

ಬೆರೋಯದವನು:
ಆ ವಚನ ಬಿಡಿ. ಯೋಹಾನ ಹೇಳಿದ್ದು ತನ್ನ ಆ ಒಂದು ಪುಸ್ತಕದ ಬಗ್ಗೆ. ಅಪೊಸ್ತಲರ ಕೃತ್ಯಗಳು 17:11 ನೋಡಿ. ಅಪೊಸ್ತಲ ಪೌಲ ಬಂದು ಬೋಧಿಸಿದಾಗಲೂ ಬೆರೋಯ ಅನ್ನುವ ಊರಿನವರು ಸುಮ್ನೆ ತಲೆಯಾಡಿಸಲಿಲ್ಲ, ದಿನಾಲೂ ಶಾಸ್ತ್ರ ತೆಗೆದು ಇದು ಹೌದಾ ಅಂತ ನೋಡಿದರು. 1521ರಲ್ಲಿ ಜರ್ಮನಿಯ ವೋರ್ಮ್ಸ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಹೇಳಿದ್ದೂ ಇದನ್ನೇ: ಪೋಪರೂ ಸಭಾ ಪರಿಷತ್ತುಗಳೂ ತಪ್ಪಿದ್ದುಂಟು, ಶಾಸ್ತ್ರದಿಂದ ತೋರಿಸಿ. ಬೇರೆ ಏನೂ ಓದಬಾರದು ಅಂತಲ್ಲ, ಕೊನೆಯ ತೀರ್ಪು ಶಾಸ್ತ್ರದ್ದು ಅಂತ ಅಷ್ಟೇ. ದೇವರಿಂದ ಈಗ ಬಂತು ಅನ್ನುವ ಹೊಸ ಪ್ರಕಟನೆಯೂ ಅಷ್ಟೇ ಅಧಿಕಾರದ ಶಾಸ್ತ್ರ ಆದಮೇಲೆ ಅದನ್ನು ಯಾವುದಕ್ಕೆ ಹಿಡಿದು ನೋಡುವುದು? ಬಹುಪತ್ನಿತ್ವವನ್ನು ಮಾರ್ಮನ್ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ದೇವರ ಆಜ್ಞೆ ಅಂತಲೇ 1843ರಲ್ಲಿ ಬರೆಸಿದರು. 1890ರಲ್ಲಿ ಅದೇ ಸಭೆಯ ಅಧ್ಯಕ್ಷರು ನಿಲ್ಲಿಸಿ ಅಂದರು. ಎರಡೂ ದೇವರಿಂದಲೇ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಯೊಪ್ಪದ ಮಾಳಿಗೆ:
ನಾನು ಆ ಮಾರ್ಮನ್ ಸಭೆಯವಳು. ಕೃತ್ಯಗಳು 10 ಓದಿ. ಯೊಪ್ಪ ಊರಲ್ಲಿ ಮಾಳಿಗೆ ಮೇಲೆ ಯೇಸುವಿನ ಶಿಷ್ಯ ಪೇತ್ರ ಪ್ರಾರ್ಥಿಸುತ್ತಿದ್ದಾಗ ಆಕಾಶದಿಂದ ದುಪ್ಪಟಿಯಂಥದ್ದು ಇಳಿಯಿತು, ಅದರ ತುಂಬ ಮೋಶೆಯ ನಿಯಮದಲ್ಲಿ ಅಶುದ್ಧ ಅಂತಿದ್ದ ಪ್ರಾಣಿಗಳೂ ಇದ್ದವು, ಕೊಯ್ದು ತಿನ್ನು ಅಂತ ಮೂರು ಸಲ ಹೇಳಿಕೆಯಾಯಿತು. ಕೈಯಲ್ಲಿದ್ದ ಶಾಸ್ತ್ರ ಒಂದು ಹೇಳುತ್ತಿತ್ತು, ದೇವರ ಹೊಸ ಮಾತು ಇನ್ನೊಂದು ಹೇಳಿತು. ಪೇತ್ರ ಎದ್ದು ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಗೆ ಹೋದ. ನಮ್ಮ ಸಭೆಯಲ್ಲಿ 1978ರ ತನಕ ಕಪ್ಪು ಜನಾಂಗದ ಗಂಡಸರಿಗೆ ಯಾಜಕತ್ವ ಕೊಡುತ್ತಿರಲಿಲ್ಲ. ಆ ವರ್ಷದ ಪ್ರಕಟನೆಯಿಂದ ಆ ತಡೆ ಹೋಯಿತು. ದೇವರು ಈಗ ಮಾತಾಡುವುದಿಲ್ಲ ಅಂದಿದ್ದರೆ ಅದು ಹೇಗೆ ಆಗುತ್ತಿತ್ತು? ಮತ್ತೆ, ಯಾರು ಬೇಕಾದರೂ ಎದ್ದು ನಿಂತು ಪ್ರವಾದಿ ಅನ್ನುವ ಹಾಗೂ ಇಲ್ಲ. ಇಡೀ ಸಭೆಗೆ ಪ್ರಕಟನೆ ಅಧ್ಯಕ್ಷರ ಮೂಲಕವೇ ಬರಬೇಕು.

ಮಂಗಳೂರು ಕಥೋಲಿಕ:
ಹೊಸ ಒಡಂಬಡಿಕೆಗೆ ಇವೇ 27 ಪುಸ್ತಕ ಅಂತ ಬೈಬಲ್‌ನಲ್ಲಿ ಪಟ್ಟಿ ಇಲ್ಲವಲ್ಲ. ಕ್ರಿ.ಶ. 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಬರೆದ ಪತ್ರದಲ್ಲಿ ಅಷ್ಟೂ ಹೆಸರು ಸಿಗುತ್ತವೆ. ಹಾಗಾಗಿ ಸಭೆಯ ಪರಂಪರೆಯನ್ನು ಬಿಟ್ಟು ಶಾಸ್ತ್ರ ಒಂದೇ ಅನ್ನುವುದು ಕಷ್ಟ. ಆದರೆ ಮಾರ್ಮನ್ನರ ಮಾತೂ ನಮಗೆ ಆಗದು. ಎಲ್ಲರೂ ಒಪ್ಪಲೇಬೇಕಾದ ಪ್ರಕಟನೆ ಅಪೊಸ್ತಲರ ಕಾಲಕ್ಕೇ ಮುಗಿಯಿತು. 1858ರ ಲೂರ್ದು, 1917ರ ಫಾತಿಮಾ ಊರುಗಳ ಮರಿಯಮ್ಮನ ದರ್ಶನಗಳನ್ನು ಸಭೆ ಒಪ್ಪಿದೆ, ನಮ್ಮಲ್ಲಿ ಅವುಗಳ ಮೇಲೆ ಭಕ್ತಿ ಜಾಸ್ತಿನೇ. ಆದರೂ ನಂಬಲೇಬೇಕು ಅಂತ ಯಾರ ಮೇಲೂ ಹೇರುವ ಹಾಗಿಲ್ಲ.

ಬೆರೋಯದವನು:
ಪಟ್ಟಿಯ ಮಾತು ಗಟ್ಟಿಯಾದದ್ದೇ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಸಭೆ ಆ ಪುಸ್ತಕಗಳನ್ನು ಗುರುತಿಸಿತು, ಅವುಗಳಿಗೆ ಅಧಿಕಾರ ಕೊಟ್ಟದ್ದು ಸಭೆಯಲ್ಲ. ಯೊಪ್ಪದ ಮಾಳಿಗೆಯವರೇ, ಅಧ್ಯಾಯ 15ರ ತನಕ ಓದಿ. ಅನ್ಯಜನರನ್ನು, ಅಂದರೆ ಯೆಹೂದ್ಯರಲ್ಲದವರನ್ನು, ಸೇರಿಸಿಕೊಳ್ಳುವ ವಿಷಯ ಯೆರೂಸಲೇಮಿನಲ್ಲಿ ಚರ್ಚೆಗೆ ಬಂತು. ಪೇತ್ರ ನಡೆದದ್ದನ್ನು ಹೇಳಿದ, ಪೌಲ ಬಾರ್ನಬರೂ ಹೇಳಿದರು. ಆಮೇಲೆ ಯಾಕೋಬ ಎದ್ದು, ಪ್ರವಾದಿಗಳ ಮಾತು ಇದಕ್ಕೆ ಒಪ್ಪುತ್ತದೆ ಅಂತ ಆಮೋಸನ ಗ್ರಂಥದಿಂದ ಎತ್ತಿ ತೋರಿಸಿದ. ಪೇತ್ರ ಕಂಡ ದರ್ಶನವನ್ನೂ ಶಾಸ್ತ್ರಕ್ಕೆ ಹಿಡಿದೇ ನೋಡಿದರು. ಹುಬ್ಬಳ್ಳಿಯವರೇ, ನಿಮ್ಮ ತಮ್ಮನ ಹತ್ತಿರ 22:18 ಬಿಟ್ಟು ಇದನ್ನು ಕೇಳಿ: ನಿಮ್ಮ ಪ್ರವಾದಿಯ ಮಾತು ಬೈಬಲ್‌ಗೆ ಎದುರಾದರೆ ಯಾವುದನ್ನು ಬಿಡುತ್ತೀರಿ?

ಯೊಪ್ಪದ ಮಾಳಿಗೆ:
ನ್ಯಾಯವಾದ ಪ್ರಶ್ನೆ. ದೇವರು ಒಬ್ಬನೇ ಆದಮೇಲೆ ಅವನ ಮಾತು ಒಂದಕ್ಕೊಂದು ಎದುರಾಗುವುದಿಲ್ಲ ಅಂತಲೇ ನನ್ನ ನಂಬಿಕೆ. ಎದುರಾದ ಹಾಗೆ ಕಂಡರೆ ಪ್ರಾರ್ಥಿಸಿ ಕೇಳುತ್ತೇನೆ, ಯಾಕೋಬ 1:5 ಹೇಳುವುದು ಅದನ್ನೇ. ಆ ಹುಡುಗನೂ ಹೀಗೇ ಹೇಳಬಹುದು, ಅವನ ಮಾತು ಪೂರ್ತಿ ಕೇಳಿಸಿಕೊಳ್ಳಿ.