ಸಂಪಾದಕರಿಗೆ ಬರೆದ ಪತ್ರ ಪ್ರಕಟವಾಗುತ್ತಿಲ್ಲವೇಕೆ?

ಪ್ರಶ್ನೆ: ಪಾದಚಾರಿ ಮಾರ್ಗದ ಒತ್ತುವರಿಯ ಇತಿಹಾಸವನ್ನೆಲ್ಲ 600 ಪದಗಳಲ್ಲಿ ವಿವರಿಸಿ ಮೂರು ಬಾರಿ ಕಳುಹಿಸಿದರೂ ಪತ್ರ ಅಚ್ಚಾಗಲಿಲ್ಲ. ತಪ್ಪೆಲ್ಲಿದೆ?

ಉತ್ತರ 1: ಆ 600ರಲ್ಲೇ ಇದೆ. ಅನೇಕ ಪತ್ರಿಕೆಗಳು ಓದುಗರ ಪತ್ರಕ್ಕೆ 150ರಿಂದ 200 ಪದಗಳಷ್ಟೇ ಜಾಗ ಕೊಡುತ್ತವೆ. ಅದೇ ಪತ್ರಿಕೆಯಲ್ಲಿ ಬಂದ ವರದಿಯ ಶೀರ್ಷಿಕೆ, ದಿನಾಂಕಗಳನ್ನು ಮೊದಲ ವಾಕ್ಯದಲ್ಲೇ ಉಲ್ಲೇಖಿಸಿ, ವಿಷಯ ಹಳತಾಗುವ ಮುನ್ನ, ಒಂದೆರಡು ದಿನಗಳೊಳಗೆ ಕಳುಹಿಸಿ. ‘ಸಂಬಂಧಪಟ್ಟವರು ಗಮನ ಹರಿಸಲಿ’ ಎಂಬ ಸವಕಲು ಮುಕ್ತಾಯದ ಬದಲು, ಯಾವ ಇಲಾಖೆ ಯಾವ ಕ್ರಮ ಕೈಗೊಳ್ಳಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಉತ್ತರ 2: ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನೂ ನಮೂದಿಸಿ. ಸಂಘಟನೆಯವರೆಲ್ಲ ಒಂದೇ ಒಕ್ಕಣೆಯ ಪತ್ರ ಕಳುಹಿಸಿದರೆ (ನಾವೂ ಹಾಗೆ ಮಾಡಿ ಕೈಸುಟ್ಟುಕೊಂಡಿದ್ದೇವೆ) ಎಲ್ಲವೂ ಕಸದ ಬುಟ್ಟಿ ಸೇರುತ್ತವೆ.

ಪ್ರಶ್ನಿಸಿದವರು: ಗಾಲಿಕುರ್ಚಿಯಲ್ಲಿರುವ ನೆರೆಯವರು ರಸ್ತೆಗಿಳಿಯಬೇಕಾದ ಪ್ರಸಂಗವೊಂದನ್ನೇ ಉಳಿಸಿಕೊಂಡು 140 ಪದಗಳಿಗೆ ಇಳಿಸಿದ್ದೇನೆ.